ಮೂರು ದಿನ, ಆರು ಜನ, ಯಾವ ಬೆಟ್ಟ? ಕುಮಾರ ಪರ್ವತ, ಕುದುರೆಮುಖ, ಕೊಡಚಾದ್ರಿ, ಇಲ್ಲವೇ ಗೋಕರ್ಣದ ಕಡಲ ದಾರಿ

ಗುರುವಾರ ರಾತ್ರಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯಬೇಕು. ನಡುವೆ ಮೂರು ಹಗಲು. ಐದಾರು ಜನ ಗೆಳೆಯರು, ಬೆನ್ನಿಗೊಂದು ಬ್ಯಾಗು, ಪಶ್ಚಿಮ ಘಟ್ಟ. ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಆಮೇಲೆ ಶುರುವಾಗುತ್ತದೆ ಚರ್ಚೆ. ಒಬ್ಬನಿಗೆ ಕುಮಾರ ಪರ್ವತವೇ ಆಗಬೇಕು. ಇನ್ನೊಬ್ಬಳು ಕುದುರೆಮುಖದ ಹಸಿರು ಗುಡ್ಡದ ಫೋಟೊ ಕಳಿಸುತ್ತಾಳೆ. ಮತ್ತೊಬ್ಬನ ಮನೆಯಲ್ಲಿ ಕೊಲ್ಲೂರಿಗೆ ಹರಕೆ ಬಾಕಿ ಇದೆ, ಹಾಗಾಗಿ ಕೊಡಚಾದ್ರಿ ಅನ್ನುತ್ತಾನೆ. ಸಮುದ್ರ ಇಲ್ಲದಿದ್ದರೆ ನಾನು ಬರುವುದೇ ಇಲ್ಲ ಅನ್ನುವವರೂ ಒಬ್ಬರು ಇದ್ದೇ ಇರುತ್ತಾರೆ.

ಈ ನಾಲ್ಕೂ ದಾರಿಗಳನ್ನು ನಾನು ನಡೆದಿದ್ದೇನೆ, ಎರಡನ್ನು ಒಂದಕ್ಕಿಂತ ಜಾಸ್ತಿ ಸಲ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಶಿಖರದ ಎತ್ತರ ನೋಡಿ ಬೆಟ್ಟ ಆರಿಸಬೇಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು, ಸಂಜೆ ನಾಲ್ಕು ಗಂಟೆಗೆ ಕಾಲು ಸೋತ ಮೇಲೆ ಅವರು ಇಳಿಜಾರಿನಲ್ಲಿ ಹೇಗೆ ಇಳಿಯಬಲ್ಲರು, ಅದನ್ನು ನೋಡಿ ಆರಿಸಿ. ಹತ್ತುವಾಗ ಹೇಗೋ ಎಲ್ಲರೂ ಹತ್ತುತ್ತಾರೆ. ಹುಮ್ಮಸ್ಸು ಇರುತ್ತದೆ, ಬೆಳಗಿನ ತಂಪು ಇರುತ್ತದೆ, ಬಾಟಲಿಯಲ್ಲಿ ನೀರೂ ಇರುತ್ತದೆ. ಘಟ್ಟ ನಮ್ಮನ್ನು ಹಿಡಿಯುವುದು ಇಳಿಯುವಾಗ.

ಮೊದಲು ಒಂದು ವಿಷಯ: ಟೆಂಟು ಮನೆಯಲ್ಲಿ ಬಿಡಿ

ಹಳೆಯ ಬರಹಗಳನ್ನು, ಹಳೆಯ ವಿಡಿಯೊಗಳನ್ನು ನೋಡಿ ತುಂಬಾ ಜನ ಇನ್ನೂ ಬೆಟ್ಟದ ಮೇಲೆ ಟೆಂಟು ಹಾಕುವ ಕನಸು ಕಾಣುತ್ತಾರೆ. ಆ ಕಾಲ ಹೋಯಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದರು. ಸಾಲು ಸಾಲಾಗಿ ಜನ ನಿಂತ ಆ ವಿಡಿಯೊ ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ನಿಯಮ ಬಿಗಿ ಮಾಡಿತು. ಈಗ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ಕುಮಾರ ಪರ್ವತ, ಕುದುರೆಮುಖದಂಥ ಕಡೆ ದಿನಕ್ಕೆ 300 ಜನರ ಮಿತಿ ಇಟ್ಟರು. ಬೆಳಿಗ್ಗೆ ಒಳಗೆ ಹೋದರೆ ಸಂಜೆಗೆ ಹೊರಗೆ ಬರಬೇಕು. ಬ್ಯಾಗಿನಲ್ಲಿ ಪ್ಲಾಸ್ಟಿಕ್ ಇದೆಯಾ ಎಂದು ಗೇಟಿನಲ್ಲಿ ನೋಡುತ್ತಾರೆ.

ನನಗೆ ಇದು ಸರಿ ಅನಿಸುತ್ತದೆ. ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲಿನಲ್ಲಿ ನೂರಾರು ಜನ ಒಂದೇ ರಾತ್ರಿ ಬೆಂಕಿ ಹಾಕಿ, ಅಡುಗೆ ಮಾಡಿ, ಶೌಚಕ್ಕೆ ಹೋದರೆ ಆ ತೊರೆಯ ನೀರು ಏನಾಗಬೇಕು? ಕೆಳಗಿನ ಊರಿನವರು ಅದೇ ನೀರು ಕುಡಿಯುವವರು.

ಹಾಗಾಗಿ ಈಗ ಘಟ್ಟದಲ್ಲಿ ಮೂರು ದಿನದ ಚಾರಣ ಅಂದರೆ ಲೆಕ್ಕ ಬೇರೆ. ಬುಡದ ಊರಲ್ಲಿ ತಂಗುವುದು, ಹಗಲು ನಡೆಯುವುದು, ರಾತ್ರಿ ಬಂದು ಬಿಸಿನೀರಿಗೆ ಕಾಲು ಇಳಿಬಿಡುವುದು. ಬೆಟ್ಟ ಯಾವುದು ಅನ್ನುವಷ್ಟೇ ಮುಖ್ಯ ಬುಡದ ಊರು ಯಾವುದು ಅನ್ನುವುದು. ಇದನ್ನು ಯಾರೂ ಯೋಚಿಸುವುದಿಲ್ಲ.

ಕುಮಾರ ಪರ್ವತ: ಬೆಟ್ಟ ದೊಡ್ಡದು, ಇಳಿಜಾರು ಇನ್ನೂ ದೊಡ್ಡದು

ಎತ್ತರ 1,712 ಮೀಟರ್. ಕರ್ನಾಟಕದ ಅತಿ ಎತ್ತರದ ಬೆಟ್ಟ ಅಲ್ಲ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಪಾದದಲ್ಲಿ, ಹೆಚ್ಚುಕಡಿಮೆ ಕರಾವಳಿಯ ಮಟ್ಟದಲ್ಲಿ. ಅಲ್ಲಿಂದ ಹತ್ತಿದರೆ ಒಂದೂವರೆ ಸಾವಿರ ಮೀಟರಿಗಿಂತ ಜಾಸ್ತಿ ಏರಬೇಕು, ಅಷ್ಟನ್ನೇ ಇಳಿಯಬೇಕು. ದಾರಿ ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು, ಬೇರು, ಕಲ್ಲು, ಬೆವರು. ಗಾಳಿ ಆಡುವುದಿಲ್ಲ. ಆಮೇಲೆ ಗಿರಿಗದ್ದೆ. ಅಲ್ಲಿಂದ ಮೇಲೆ ಬಯಲು ಹುಲ್ಲು, ನೆರಳು ಇಲ್ಲ. ಕಲ್ಲು ಮಂಟಪ ದಾಟಿ ಶೇಷ ಪರ್ವತ, ಅಲ್ಲಿಂದ ಮತ್ತೆ ಕಾಡಿನೊಳಗೆ ಇಳಿದು ಜಾರು ಬಂಡೆ ಹತ್ತಿದರೆ ತುದಿ.

ಮೊದಲೆಲ್ಲ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ರಾತ್ರಿ ತಂಗುವುದು ವಾಡಿಕೆ. ಅನ್ನ, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ. ಅಷ್ಟು ಹತ್ತಿ ಬಂದವರಿಗೆ ಆ ಮಜ್ಜಿಗೆ ಎರಡನೇ ಲೋಟ ಹಾಕಿದಾಗ ಆಗುವ ಖುಷಿ ಬೇರೆ ಎಲ್ಲೂ ಸಿಗುವುದಿಲ್ಲ. ಈಗ ಮಾತ್ರ ಒಂದೇ ದಿನದಲ್ಲಿ ಹತ್ತಿ ಇಳಿಯುವ ಲೆಕ್ಕ ಹಾಕಿಕೊಂಡೇ ಹೊರಡಿ. ಅಂದರೆ ಕುಕ್ಕೆ ಕಡೆಯಿಂದ ಒಂದೇ ಹಗಲಲ್ಲಿ 25 ಕಿಲೋಮೀಟರಿಗೂ ಜಾಸ್ತಿ. ಇದು ಹುಡುಗಾಟದ ಮಾತಲ್ಲ.

ನಾವು ಆರು ಜನ ಹೋಗಿದ್ದೆವು, ತಂಗಲು ಬಿಡುತ್ತಿದ್ದ ಕಾಲದಲ್ಲಿ. ನಮ್ಮಲ್ಲಿ ಒಬ್ಬ ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗುವವನು. ಹತ್ತುವಾಗ ಎಲ್ಲರಿಗಿಂತ ಮುಂದೆ ಅವನೇ. ತುದಿ ಮುಟ್ಟಿದೆವು, ಫೋಟೊ ತೆಗೆದೆವು, ಇಳಿಯಲು ಶುರು ಮಾಡಿದೆವು. ಕಲ್ಲು ಮಂಟಪದ ಹತ್ತಿರ ಬರುವಷ್ಟರಲ್ಲಿ ಅವನು ಮಾತು ನಿಲ್ಲಿಸಿದ್ದ. ಬಲಗಾಲು ಮಡಚಿದರೆ ಮೊಣಕಾಲಿನ ಹೊರಬದಿಯಲ್ಲಿ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತಂತೆ. ಊತ ಇಲ್ಲ, ಗಾಯ ಇಲ್ಲ, ಮಟ್ಟಸ ನೆಲದಲ್ಲಿ ಸರಿಯಾಗಿಯೇ ನಡೆಯುತ್ತಾನೆ. ಇಳಿಜಾರು ಬಂತೆಂದರೆ ಮುಖ ಬಿಳಿಚಿಕೊಳ್ಳುತ್ತದೆ. ಕೊನೆಗೆ ಅವನು ಬೆನ್ನು ತಿರುಗಿಸಿ, ಏಣಿ ಇಳಿಯುವ ಹಾಗೆ ಹಿಂದು ಹಿಂದಾಗಿ ಹೆಜ್ಜೆ ಇಡಲು ಶುರು ಮಾಡಿದ. ಹಾಗೆ ಇಳಿದರೆ ನೋವು ಕಡಿಮೆ. ನಾನು ಕೆಳಗೆ ನಿಂತು ಅವನ ಹಿಮ್ಮಡಿ ಹಿಡಿದು ಒಂದೊಂದು ಕಲ್ಲಿನ ಮೇಲೆ ಇಡುತ್ತಿದ್ದೆ. ಅವನ ಬ್ಯಾಗು ಇಬ್ಬರು ಹಂಚಿಕೊಂಡರು. ಗಿರಿಗದ್ದೆಯಿಂದ ಕೆಳಗಿನ ಕಾಡಿನ ದಾರಿ, ಹತ್ತುವಾಗ ಎರಡೂವರೆ ಗಂಟೆ ಹಿಡಿದದ್ದು, ಇಳಿಯಲು ನಾಲ್ಕು ಗಂಟೆ ತೆಗೆದುಕೊಂಡಿತು. ಕೊನೆಯ ಎರಡು ಗಂಟೆ ಟಾರ್ಚ್ ಬೆಳಕಿನಲ್ಲಿ. ಒದ್ದೆ ತರಗೆಲೆಯ ಕೆಳಗೆ ಬೇರು ಇದೆಯೋ ಗುಂಡಿ ಇದೆಯೋ ಕಾಣದು.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಯಾರು ಬೇಗ ಹತ್ತುತ್ತಾರೆ ಎಂದು ನಾನು ಕೇಳುವುದೇ ಇಲ್ಲ.

ನಿಮಗೆ ಕುಮಾರ ಪರ್ವತವೇ ಬೇಕು ಅಂದರೆ ಒಂದು ಒಳ್ಳೆಯ ದಾರಿ ಇದೆ. ಸೋಮವಾರಪೇಟೆ ಕಡೆಯ ಬೀಡಹಳ್ಳಿಯಿಂದ ಹತ್ತಿ. ಅದು ಆಗಲೇ ಕೊಡಗಿನ ಎತ್ತರದಲ್ಲಿದೆ, ದಾರಿ ಸುಮಾರು ಏಳು ಕಿಲೋಮೀಟರ್, ಹೆಚ್ಚುಕಡಿಮೆ ಕುಕ್ಕೆ ಕಡೆಯ ಅರ್ಧ. ಕಡಿದು ಇದೆ ನಿಜ, ಬಂಡೆ ಜಾರುತ್ತದೆ ನಿಜ, ಆದರೆ ಹಗಲಿನಲ್ಲೇ ಮುಗಿಯುತ್ತದೆ. ಮಾರನೇ ದಿನ ಹತ್ತಿರದ ಮಲ್ಲಳ್ಳಿ ಜಲಪಾತ ನೋಡಿ. ಕುಮಾರಧಾರೆ ಅಲ್ಲಿ ಬಂಡೆಯಿಂದ ಬಂಡೆಗೆ ಬೀಳುತ್ತಾಳೆ. ಮುಂದೆ ಅದೇ ಹೊಳೆ ಕುಕ್ಕೆಯ ಪಕ್ಕ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮೂರನೇ ದಿನ ಘಟ್ಟ ಇಳಿದು ಕುಕ್ಕೆಗೆ ಹೋಗಿ ಅದೇ ನೀರಿನಲ್ಲಿ ಕಾಲು ಇಡಬಹುದು. ಮೇಲೆ ನೋಡಿದ ಹೊಳೆಯನ್ನು ಕೆಳಗೆ ಹೋಗಿ ಮುಟ್ಟುವುದು ಅಂದರೆ ನನಗೆ ತುಂಬಾ ಇಷ್ಟ. ವಾಪಸ್ ಬರಲು ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ರೈಲಿದೆ. ಸಕಲೇಶಪುರದ ಘಟ್ಟ ಹತ್ತುವ ರೈಲು ಅದು, ಹಗಲಿನ ರೈಲು ಸಿಕ್ಕರೆ ಬಿಡಬೇಡಿ.

ಯಾರಿಗೆ: ಎಲ್ಲರೂ ಈ ಮೊದಲು ಒಂದೆರಡು ಬೆಟ್ಟ ಹತ್ತಿ ಇಳಿದಿದ್ದಾರೆ, ಯಾರಿಗೂ ಮೊಣಕಾಲಿನ ತೊಂದರೆ ಇಲ್ಲ ಅಂದರೆ ಮಾತ್ರ. ಒಬ್ಬರ ಬಗ್ಗೆ ಅನುಮಾನ ಇದ್ದರೂ ಬೇಡ.

ಕುದುರೆಮುಖ: ಜಾಸ್ತಿ ಎತ್ತರ, ಕಡಿಮೆ ಏರು

ಇದು ವಿಚಿತ್ರ ಅನಿಸಬಹುದು. ಕುದುರೆಮುಖ 1,890 ಮೀಟರಿನ ಆಸುಪಾಸು, ಕುಮಾರ ಪರ್ವತಕ್ಕಿಂತ ಎತ್ತರ. ಆದರೆ ಚಾರಣ ಶುರುವಾಗುವ ಮುಳ್ಳೋಡಿ ಎನ್ನುವ ಹಳ್ಳಿಯೇ ಗುಡ್ಡದ ಮೇಲಿದೆ. ಕಳಸದ ಕಡೆಯಿಂದ ಬಂದು, ಬಾಳೆಗಲ್ಲಿನಿಂದ ಜೀಪು ಹತ್ತಿ, ಕುಲುಕಾಡಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ಎತ್ತರ ಜೀಪೇ ಹತ್ತಿಸಿರುತ್ತದೆ. ಉಳಿದದ್ದು ಒಂದು ಕಡೆಗೆ ಒಂಬತ್ತು ಹತ್ತು ಕಿಲೋಮೀಟರ್, ಹೆಚ್ಚಿನದು ನಿಧಾನದ ಏರು. ದಾರಿಯಲ್ಲಿ ನಾಲ್ಕಾರು ಕಡೆ ತೊರೆ ಸಿಗುತ್ತದೆ. ಒಂಟಿಮರ ಎಂದು ಕರೆಯುವ ಜಾಗ ಬರುತ್ತದೆ, ಅಲ್ಲಿಂದ ಬೆಟ್ಟದ ಮುಖ ಕುದುರೆಯ ಮೂತಿಯಂತೆ ಕಾಣುತ್ತದೆ. ಹಳಬರು ಇದನ್ನು ಸಂಸೆ ಪರ್ವತ ಅನ್ನುತ್ತಿದ್ದರು. ತುದಿಯ ಹತ್ತಿರ ಹಳೆಯ ಚರ್ಚಿನ ಕಲ್ಲಿನ ಗೋಡೆಗಳು ಪಾಳು ಬಿದ್ದಿವೆ. ಅದರ ಪಕ್ಕದಲ್ಲೇ ತಣ್ಣಗಿನ ನೀರು.

ಇಲ್ಲಿನ ಚೆಂದ ಹುಲ್ಲಿನದು. ಗುಡ್ಡದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಸೇರುವ ಮಡಿಲಿನಲ್ಲಿ ಮಾತ್ರ ಕಪ್ಪಗೆ ಒತ್ತಾದ ಕಾಡು. ಅದೇ ಶೋಲಾ. ಮಳೆನೀರನ್ನು ಹುಲ್ಲು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ, ಶೋಲಾದೊಳಗಿಂದ ಅದು ತೊರೆಯಾಗಿ ಬರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಈ ಸಾಲಿನಲ್ಲೇ, ಗಂಗಾಮೂಲದ ಬಳಿ. ಈ ಗುಡ್ಡಗಳ ಕಬ್ಬಿಣದ ಅದಿರಿಗಾಗಿ ವರ್ಷಾನುಗಟ್ಟಲೆ ಗಣಿಗಾರಿಕೆ ನಡೆಯಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆ ಆಯಿತು, ಜನ ಹೋರಾಡಿದರು, ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಇವತ್ತು ನಾವು ಆ ಹುಲ್ಲಿನ ಮೇಲೆ ಕಾಲಿಡುತ್ತಿದ್ದೇವೆ ಅಂದರೆ ಅದರ ಹಿಂದೆ ಅಷ್ಟು ಕಥೆ ಇದೆ. ಚಾಕಲೇಟು ಕಾಗದ ಅಲ್ಲಿ ಬಿಸಾಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಗೈಡ್ ಜೊತೆಯಲ್ಲೇ ಹೋಗಬೇಕು. ಊರಿನ ಹುಡುಗರೇ ಬರುತ್ತಾರೆ. ನಮ್ಮ ಜೊತೆ ಬಂದವನು ಸಂಸೆ ಕಡೆಯವನು, ಮಾತು ಕಡಿಮೆ. ಎರಡನೇ ತೊರೆ ದಾಟಿದ ಮೇಲೆ ನಮ್ಮ ಗೆಳತಿಯ ಶೂ ಅಟ್ಟೆ ಪೂರ್ತಿ ಕಿತ್ತುಕೊಂಡು ಬಂತು. ಹಳೆಯ ಶೂ, ನಾಲ್ಕು ವರ್ಷ ಡಬ್ಬದಲ್ಲಿ ಸುಮ್ನೆ ಇಟ್ಟಿದ್ದು. ನೋಡಲು ಹೊಸದೇ, ಒಳಗಿನ ಅಂಟು ಮಾತ್ರ ಒಣಗಿ ಪುಡಿಯಾಗಿತ್ತು. ಅವನು ಏನೂ ಹೇಳದೆ ತನ್ನ ಹೆಗಲ ಮೇಲಿದ್ದ ತೋರ್ತಿನ ಅಂಚು ಹರಿದು, ಎರಡು ಪಟ್ಟಿ ಮಾಡಿ, ಒಂದನ್ನು ಬೆರಳಿನ ಹತ್ತಿರ, ಒಂದನ್ನು ಹಿಮ್ಮಡಿಯ ಮುಂದೆ ಬಿಗಿದು ಕಟ್ಟಿದ. ಗಂಟು ಮೇಲ್ಭಾಗಕ್ಕೆ ಬರಬೇಕು, ಕೆಳಗೆ ಬಂದರೆ ಸವೆದು ಹೋಗುತ್ತದೆ ಎಂದ. ಅಷ್ಟೇ ಅವನು ಅವತ್ತು ಆಡಿದ ಉದ್ದದ ಮಾತು. ಆ ಕಟ್ಟು ತುದಿಯವರೆಗೂ ಹೋಗಿ ವಾಪಸ್ ಮುಳ್ಳೋಡಿಯವರೆಗೂ ಬಂತು. ಹಾಗಾಗಿ ಹೊರಡುವ ಹದಿನೈದು ದಿನ ಮೊದಲು ಹಳೆಯ ಶೂ ಹಾಕಿಕೊಂಡು ಒದ್ದೆ ನೆಲದಲ್ಲಿ ಐದಾರು ಕಿಲೋಮೀಟರ್ ನಡೆದು ನೋಡಿ.

ಮೂರು ದಿನಕ್ಕೆ ಕುದುರೆಮುಖ ಯಾಕೆ ನನಗೆ ಎಲ್ಲಕ್ಕಿಂತ ಇಷ್ಟ ಅಂದರೆ, ಒಂದೇ ಕಡೆ ತಂಗಿ ಬೇರೆ ಬೇರೆ ಗುಡ್ಡ ಹತ್ತಬಹುದು. ಸಂಸೆ, ಕಳಸದ ಸುತ್ತ ಹೋಂಸ್ಟೇಗಳು ಬೇಕಾದಷ್ಟಿವೆ. ಮೊದಲ ದಿನ ನೇತ್ರಾವತಿ ಶಿಖರ ಅಥವಾ ಕುರಿಂಜಲ್, ಎರಡೂ ಕುದುರೆಮುಖಕ್ಕಿಂತ ಚಿಕ್ಕವು, ಕಾಲು ಪಳಗುತ್ತದೆ. ಯಾರ ಕಾಲು ಹೇಗಿದೆ ಎಂದು ಅವತ್ತೇ ಗೊತ್ತಾಗುತ್ತದೆ. ಎರಡನೇ ದಿನ ಕುದುರೆಮುಖ. ಸುಸ್ತಾದವರು ಹೋಂಸ್ಟೇ ಹಿಂದಿನ ತೋಟದಲ್ಲಿ, ಹೊಳೆಯಲ್ಲಿ ಆರಾಮಾಗಿ ದಿನ ಕಳೆಯಲಿ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಮೂರನೇ ದಿನ ಕಳಸೇಶ್ವರ ದೇವಸ್ಥಾನ, ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಊಟ, ರಾತ್ರಿ ಬಸ್. ಎರಡು ದಿನ ನಡೆದ ಕಾಲು ಮಡಚಿ ಪಂಕ್ತಿಯಲ್ಲಿ ಕೂರುವುದು ಮಾತ್ರ ಸ್ವಲ್ಪ ಕಷ್ಟ.

ಒಂದು ಎಚ್ಚರ. ರಜೆ ಬಂದ ವಾರಾಂತ್ಯಕ್ಕೆ ಬುಕಿಂಗ್ ಬೇಗ ತುಂಬಿಹೋಗುತ್ತದೆ. ಮೊದಲು ಅರಣ್ಯ ಇಲಾಖೆಯ ಟಿಕೆಟ್ ಕೈಗೆ ಬರಲಿ, ಆಮೇಲೆ ಬಸ್ಸು, ಹೋಂಸ್ಟೇ. ಉಲ್ಟಾ ಮಾಡಿದವರು ಗೇಟಿನ ಹೊರಗೆ ನಿಂತು ಬೇಡಿಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ. ಬಿಡುವುದಿಲ್ಲ, ಬಿಡಲೂಬಾರದು.

ಕೊಡಚಾದ್ರಿ: ಎಲ್ಲರನ್ನೂ ಕರೆದುಕೊಂಡು ಹೋಗಬಹುದಾದ ಬೆಟ್ಟ

1,343 ಮೀಟರ್. ಹೊಸನಗರ ತಾಲೂಕು, ಶಿವಮೊಗ್ಗ ಜಿಲ್ಲೆ. ಪಶ್ಚಿಮಕ್ಕೆ ಕೆಳಗೆ ಕೊಲ್ಲೂರು, ಅಲ್ಲಿಂದಾಚೆ ಸಮುದ್ರ. ಆಕಾಶ ತಿಳಿಯಾಗಿದ್ದ ದಿನ ತುದಿಯಿಂದ ಅರಬ್ಬೀ ಸಮುದ್ರದ ಬೆಳ್ಳಿ ಗೆರೆ ಕಾಣುತ್ತದೆ. ಸೂರ್ಯ ಅದರೊಳಗೆ ಇಳಿಯುವುದನ್ನು ನೋಡಲು ಜನ ಮತ್ತೆ ಮತ್ತೆ ಬರುತ್ತಾರೆ.

ಇದರ ದೊಡ್ಡ ಅನುಕೂಲ ಜೀಪು. ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಮೂಲ ಮೂಕಾಂಬಿಕೆ ಗುಡಿಯವರೆಗೆ ಜೀಪು ಹೋಗುತ್ತದೆ. ದಾರಿ ದಾರಿಯಲ್ಲ, ಕಲ್ಲು ಗುಂಡಿಗಳ ಸಾಲು. ಬೆನ್ನು ನೋವು ಇರುವವರು ಜೀಪಿಗಿಂತ ನಡೆಯುವುದೇ ವಾಸಿ. ಆದರೂ ಜೀಪು ಇದೆ ಅನ್ನುವುದೇ ಧೈರ್ಯ. ಯಾರಿಗಾದರೂ ಕಾಲು ಉಳುಕಿದರೆ, ಜ್ವರ ಬಂದರೆ, ಕೆಳಗೆ ಇಳಿಸಲು ದಾರಿ ಇದೆ. ಕುಮಾರ ಪರ್ವತದಲ್ಲಿ ಇದಿಲ್ಲ. ನಡೆಯುವವರು ಕಾರಕಟ್ಟೆ ಕಡೆಯಿಂದ ಕಾಡು ದಾರಿಯಲ್ಲಿ ಬರಲಿ, ಆಗದವರು ಜೀಪಿನಲ್ಲಿ ಬರಲಿ, ಗುಡಿಯ ಹತ್ತಿರ ಎಲ್ಲರೂ ಸೇರಿ. ಅಲ್ಲಿ ಎತ್ತರದ ಕಬ್ಬಿಣದ ಕಂಬ ಇದೆ, ಅಷ್ಟು ಮಳೆ ಗಾಳಿಗೆ ನಿಂತಿದೆ. ಗುಡಿಯ ಪಕ್ಕದ ಭಟ್ಟರ ಮನೆಯಲ್ಲಿ ಊಟ, ತಂಗುವ ವ್ಯವಸ್ಥೆಗೆ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಎಲ್ಲರೂ ನಡೆಯಲೇಬೇಕು, ಎರಡು ಕಿಲೋಮೀಟರಿನ ಒಳಗೆ, ಕೊನೆಗೆ ಗಾಳಿ ಹೊಡೆಯುವ ಬೋಳು ಗುಡ್ಡದ ಮೇಲೆ ಪುಟ್ಟ ಕಲ್ಲಿನ ಮಂಟಪ. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿದರು ಎಂಬ ನಂಬಿಕೆ. ಅದರಿಂದ ಕೆಳಗೆ ಚಿತ್ರಮೂಲ ಇದೆ, ಇಳಿಜಾರು ತುಂಬಾ ಕಡಿದು. ಮಳೆ ಬಂದಿದ್ದರೆ ಆ ಕಡೆ ಇಳಿಯಬೇಡಿ.

ಹಿಡ್ಲುಮನೆ ಜಲಪಾತದ ದಾರಿ ಚೆಂದ, ಬಂಡೆ ಹಿಡಿದು ನೀರಿನ ಪಕ್ಕದಲ್ಲೇ ಹತ್ತುವುದು. ಮಳೆಗಾಲದಲ್ಲಿ ಆ ದಾರಿ ಬೇಡವೇ ಬೇಡ.

ಮೂರು ದಿನ ಹಂಚುವುದು ಸುಲಭ. ರೈಲಿನಲ್ಲಿ ಬೈಂದೂರು ಮೂಕಾಂಬಿಕಾ ರೋಡ್‌ಗೆ ಬಂದು ಕೊಲ್ಲೂರು ಒಂದು ದಿನ, ಬೆಟ್ಟ ಒಂದು ದಿನ, ಮೂರನೇ ದಿನ ಘಟ್ಟದ ಮೇಲೆ ನಗರ ಎಂಬ ಊರಿನ ಕೋಟೆ ಅಥವಾ ಕೆಳಗೆ ಮರವಂತೆ. ನಾನಾದರೆ ಮರವಂತೆ ಅನ್ನುತ್ತೇನೆ. ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಹಿಂದಿನ ದಿನ ಮೇಲಿಂದ ಗೆರೆಯಂತೆ ಕಂಡ ನೀರಿನ ಅಂಚಲ್ಲಿ ಕೂತು ಹಿಂತಿರುಗಿ ನೋಡಿದರೆ ಘಟ್ಟದ ನೀಲಿ ಸಾಲು.

ಗೋಕರ್ಣದ ಕಡಲ ದಾರಿ: ಬೆಟ್ಟ ಬೇಡ ಅನ್ನುವವರಿಗೆ

ಕುಮಟಾದಿಂದ ಗೋಕರ್ಣಕ್ಕೆ ತೀರದಲ್ಲೇ ನಡೆಯುವುದು. ಎರಡು ದಿನ ಸಾಕು, ಮೂರು ದಿನ ಇದ್ದರೆ ಆರಾಮು. ಇಲ್ಲಿ ಗುಡ್ಡಗಳು ಚಿಕ್ಕವು, ಚಿರೆಕಲ್ಲಿನವು, ಸಮುದ್ರದವರೆಗೂ ಬಂದು ಥಟ್ಟನೆ ಕಡಿದು ನಿಲ್ಲುತ್ತವೆ. ಒಂದು ಗುಡ್ಡ ಹತ್ತಿ ಇಳಿದರೆ ಒಂದು ಮರಳಿನ ದಂಡೆ, ಮತ್ತೆ ಗುಡ್ಡ, ಮತ್ತೆ ದಂಡೆ. ನಡುವೆ ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ ಬಾರ್ಜ್ ಹತ್ತಿ ತದಡಿಗೆ ದಾಟಬೇಕು. ಆ ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಆಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚುಗಳು, ಗೋಕರ್ಣ.

ಮೊಣಕಾಲಿಗೆ ಇದು ಎಲ್ಲಕ್ಕಿಂತ ಹಗುರ. ಇಂಬಳ ಇಲ್ಲ. ಆದರೆ ಬಿಸಿಲು ಇದೆ, ಕರಾವಳಿಯ ಬೆವರಿಳಿಸುವ ಬಿಸಿಲು. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲಿಸಿ, ಮತ್ತೆ ಮೂರೂವರೆಗೆ ಹೊರಡಿ. ಗೊತ್ತಿಲ್ಲದ ದಂಡೆಯಲ್ಲಿ ಈಜಲು ಇಳಿಯಬೇಡಿ. ಬಂಡೆಯ ತುದಿಯಲ್ಲಿ ನಿಂತು ಅಲೆ ಬರುವಾಗ ಸೆಲ್ಫಿ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇಂಬಳ, ಉಣುಗು, ತಿಂಗಳು

ಇಂಬಳಕ್ಕೆ ಹೆದರುವವರು ಮಳೆಗಾಲ ಬಿಟ್ಟು ಹೋಗಿ, ಅಷ್ಟೇ. ಜೂನ್‌ನಿಂದ ಅಕ್ಟೋಬರ್ ಮೊದಲ ವಾರಗಳವರೆಗೂ ಕಾಡಿನಲ್ಲಿ ಇದ್ದೇ ಇರುತ್ತದೆ. ಬೆಂಕಿಕಡ್ಡಿಗಿಂತ ಸಣ್ಣಗಿರುತ್ತದೆ, ಎಲೆಯ ತುದಿಯಲ್ಲಿ ನಿಂತು ಗಾಳಿಯಲ್ಲಿ ತಲೆ ಆಡಿಸುತ್ತಿರುತ್ತದೆ. ಕಾಲು ಸೋಕಿದ್ದೇ ತಡ, ಸಾಕ್ಸಿನ ನೂಲಿನ ಸಂದಿಯಲ್ಲೇ ಒಳಗೆ ನುಸುಳುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ರಾತ್ರಿ ಸಾಕ್ಸ್ ಬಿಚ್ಚಿದಾಗ ದ್ರಾಕ್ಷಿಯಂತೆ ಉಬ್ಬಿದ್ದು ಉರುಳುತ್ತದೆ, ರಕ್ತ ಮಾತ್ರ ನಿಲ್ಲುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುತ್ತದೆ, ಅದಕ್ಕೆ. ಎಳೆದು ಕೀಳಬೇಡಿ. ಉಪ್ಪು ಇಲ್ಲವೇ ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ. ಮಲೆನಾಡಿನವರು ನಶ್ಯದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಕಾಲಿಗೆ ಹಚ್ಚಿಕೊಳ್ಳುತ್ತಾರೆ. ಅದು ಕೆಲಸ ಮಾಡುತ್ತದೆ, ತೊರೆ ದಾಟಿದ ಮೇಲೆ ಮತ್ತೆ ಹಚ್ಚಬೇಕು.

ಇಂಬಳ ಕಿರಿಕಿರಿ ಮಾತ್ರ. ಉಣುಗಿನ ವಿಷಯ ಬೇರೆ. ಕೆಲವರು ಉಣ್ಣೆ ಅನ್ನುತ್ತಾರೆ. ಮಂಗನ ಕಾಯಿಲೆ ಹರಡುವುದು ಇದರಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಅದಕ್ಕೇ ಇಂಗ್ಲಿಷಿನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂಬ ಹೆಸರು. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡಿಗೆ ಆ ತಿಂಗಳುಗಳಲ್ಲಿ ಹೋಗುವವರು ಊರಿನವರನ್ನು ಕೇಳಿ. ಹತ್ತಿರದಲ್ಲಿ ಮಂಗ ಸತ್ತಿದೆ ಅಂದರೆ ಆ ದಾರಿ ಬಿಡಿ. ಉದ್ದ ತೋಳು, ಉದ್ದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಅಲ್ಲಿನ ಆರೋಗ್ಯ ಕೇಂದ್ರದವರು ಕೊಡುವ ಡೇಪಾ ತೈಲ, ಸಂಜೆ ಬಿಸಿನೀರಿನ ಸ್ನಾನ, ಒಬ್ಬರ ಕುತ್ತಿಗೆ ಹಿಂದೆ ಇನ್ನೊಬ್ಬರು ನೋಡುವುದು. ವಾಪಸ್ ಬಂದ ಮೇಲೆ ವಾರ ಹತ್ತು ದಿನದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲು ಹೇಳಿ. ಬೆಂಗಳೂರಿನ ಡಾಕ್ಟರು ತಾವಾಗಿ ಇದನ್ನು ಊಹಿಸುವುದು ಕಷ್ಟ.

ತಿಂಗಳು ಯಾವುದು ಅಂದರೆ, ಮೂರೂ ಬೆಟ್ಟಗಳಿಗೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ. ಹುಲ್ಲು ಇನ್ನೂ ಹಸಿರು, ತೊರೆಯಲ್ಲಿ ನೀರು, ಮಳೆ ಕಡಿಮೆ. ಫೆಬ್ರವರಿ ಆದ ಮೇಲೆ ಹುಲ್ಲು ಒಣಗುತ್ತದೆ, ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಗೋಕರ್ಣಕ್ಕೆ ನವೆಂಬರ್‌ನಿಂದ ಫೆಬ್ರವರಿ.

ಬ್ಯಾಗಿನಲ್ಲಿ ಏನು

ಉದ್ದ ಪಟ್ಟಿ ಕೊಡುವುದಿಲ್ಲ. ಕುಮಾರ ಪರ್ವತಕ್ಕೆ ತಲಾ ಮೂರು ಲೀಟರ್ ನೀರು, ಉಳಿದೆಡೆ ಎರಡು. ಓಆರ್‌ಎಸ್ ಪೊಟ್ಟಣ. ತಲೆಗೆ ಕಟ್ಟುವ ಟಾರ್ಚು ಒಬ್ಬೊಬ್ಬರಿಗೂ ಒಂದು, ಗುಂಪಿಗೆ ಒಂದಲ್ಲ. ಇಳಿಯುವಾಗ ಊರಲು ಒಂದು ಗಟ್ಟಿ ಕೋಲು. ಒಣ ಬಟ್ಟೆ ಒಂದು ಜೊತೆ ನೀರು ಹೋಗದ ಹಾಗೆ ಕಟ್ಟಿ. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ತೊಡೆ ಉಜ್ಜಿ ಗಾಯವಾಗುತ್ತದೆ. ಊಟಕ್ಕೆ ನಾನು ಯಾವತ್ತೂ ಒಯ್ಯುವುದು ಪುಳಿಯೋಗರೆ, ಬಾಳೆಲೆಯಲ್ಲಿ ಕಟ್ಟಿಸಿಕೊಂಡು. ಸಂಜೆಯವರೆಗೂ ಕೆಡುವುದಿಲ್ಲ, ಪ್ಲಾಸ್ಟಿಕ್ ತಂಟೆಯೂ ಇಲ್ಲ. ಜೊತೆಗೆ ಬೆಲ್ಲ, ಕಡಲೆ. ಚಿಪ್ಸ್ ಪ್ಯಾಕೆಟ್ಟಿಗಿಂತ ಎಷ್ಟೋ ಪಾಲು ವಾಸಿ.

ಹಾಗಾದರೆ ಯಾವುದು?

ಮೊದಲ ಸಲ ಘಟ್ಟಕ್ಕೆ ಹೋಗುತ್ತಿದ್ದೀರಿ, ಗುಂಪಿನಲ್ಲಿ ನಡಿಗೆ ಅಭ್ಯಾಸ ಇದ್ದವರು ಇಲ್ಲದವರು ಎಲ್ಲ ಇದ್ದಾರೆ ಅಂದರೆ ಕುದುರೆಮುಖ, ಅದೂ ಮೊದಲ ದಿನ ಚಿಕ್ಕ ಗುಡ್ಡ ಹತ್ತಿ ನೋಡಿದ ಮೇಲೆ. ಅಪ್ಪ ಅಮ್ಮ, ಮಕ್ಕಳು, ಮೊಣಕಾಲಿನ ತಕರಾರು ಇರುವವರು ಜೊತೆಗಿದ್ದರೆ ಕೊಡಚಾದ್ರಿ. ಜನವರಿ ಕೊನೆಯ ರಜೆಗೆ ಎಲ್ಲ ಕಡೆ ಬುಕಿಂಗ್ ತುಂಬಿದ್ದರೆ ಸುಮ್ನೆ ಗೋಕರ್ಣ ದಾರಿ ಹಿಡಿಯಿರಿ. ಕುಮಾರ ಪರ್ವತವನ್ನು ಇವೆಲ್ಲ ಆದ ಮೇಲೆ, ಒಟ್ಟಿಗೆ ಎರಡು ಮೂರು ಬೆಟ್ಟ ಇಳಿದು ಒಬ್ಬರ ಕಾಲು ಇನ್ನೊಬ್ಬರಿಗೆ ಗೊತ್ತಾದ ಮೇಲೆ ಇಟ್ಟುಕೊಳ್ಳಿ.

ಯಾವ ಬೆಟ್ಟವಾದರೂ ಇಳಿಯುವಾಗ ನಿಧಾನ ನಡೆಯುವವರನ್ನು ಎಲ್ಲರಿಗಿಂತ ಮುಂದೆ ಬಿಡಿ, ದಾರಿ ಬಲ್ಲವರು ಕೊನೆಗೆ ಬರಲಿ. ಆ ನಮ್ಮ ಜಿಮ್ಮಿನ ಗೆಳೆಯ ಕಳೆದ ನವೆಂಬರಿನಲ್ಲಿ ಮತ್ತೆ ನಮ್ಮ ಜೊತೆ ಬಂದ, ಕುದುರೆಮುಖಕ್ಕೆ. ಇಳಿಯುವಾಗ ಅವನೇ ಮುಂದೆ, ಕೈಯಲ್ಲಿ ಕೋಲು. ಒಂಟಿಮರದ ಹತ್ತಿರ ನಿಂತು ಎಲ್ಲರಿಗೂ ಬೆಲ್ಲ ಹಂಚಿದ. ಐದು ಗಂಟೆಗೆ ಮುಂಚೆ ಮುಳ್ಳೋಡಿಯಲ್ಲಿ ಚಹಾ ಕುಡಿಯುತ್ತಿದ್ದೆವು.